ಎರಡು ಬೆರಳು ಬಟ್ಟೆ

ಐವತ್ತು ದಾಟಿ, ಮೀಸೆ ಬೆಳ್ಳಗಾಗಿ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುವ ಕಾಲ ಬಂದರೂ ಆ ಬೀದಿಯವರ ಬಾಯಲ್ಲಿ ಅವನು ಇನ್ನೂ ಚಿಕ್ಕ ಮಾಸ್ಟರ್. ದೊಡ್ಡ ಮಾಸ್ಟರ್ ಗಟ್ಟಿಮುಟ್ಟಾಗಿ ಇರುವಾಗ ಮಗ ದೊಡ್ಡವನಾಗುವುದು ಹೇಗೆ ಹೇಳಿ. ಮುದುಕರಿಗೆ ಕಣ್ಣು ಮಂಜಾಗಿತ್ತು, ಕಪ್ಪು ಯಾವುದು ನೀಲಿ ಯಾವುದು ಎಂದು ತಿಳಿಯುತ್ತಿರಲಿಲ್ಲ, ಕತ್ತರಿ ಹಿಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮಗ ಹೊಲಿದುಕೊಟ್ಟ ನೀಲಿ ಕೋಟು ತೊಟ್ಟು, ಗುಂಡಿಯೆಲ್ಲ ಹಾಕಿಕೊಂಡು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಂದು ಕೂರಲೇಬೇಕು. ಬಂದ ಗಿರಾಕಿಯ ಕೆಮ್ಮು ಕೇಳಿಯೇ ಇಂಥವನು ಎಂದು ಗುರುತು ಹಿಡಿದು, ಅವನ ಅಪ್ಪನ ಕೋಟಿನ ಕಥೆ ಶುರು ಮಾಡುತ್ತಿದ್ದರು.

ಆ ಮನೆಯವರ ಕಸುಬು ಕೋಟು ಹೊಲಿಯುವುದು. ಮುತ್ತಜ್ಜನ ಕಾಲದಿಂದ ಅದೊಂದೇ. ಊರಲ್ಲಿ ಕೋಟು ಹೊಲಿಯುವವರು ಬೇಕಾದಷ್ಟು ಜನ ಇದ್ದರು. ಇವರಿಗೆ ಹೆಸರು ಬಂದದ್ದು ಹೊರಗೆ ಕಾಣುವ ಹೊಲಿಗೆಯಿಂದಲ್ಲ, ಒಳಗೆ ಬಿಡುತ್ತಿದ್ದ ಬಟ್ಟೆಯಿಂದ. ಬೆನ್ನ ಹೊಲಿಗೆ, ಪಕ್ಕದ ಹೊಲಿಗೆ, ತೋಳಿನ ಹೊಲಿಗೆ ಎಲ್ಲದರ ಒಳಗೂ ಎರಡು ಬೆರಳಗಲ ಬಟ್ಟೆ ಹೆಚ್ಚಿಗೆ ಬಿಟ್ಟು ಮಡಿಸಿ, ಅದರ ಮೇಲೆ ಅಸ್ತರು ಹಾಕಿ ಮುಚ್ಚುತ್ತಿದ್ದರು. ತೊಟ್ಟವನು ಮುಂದೆ ದಪ್ಪಗಾದರೆ ಹೊಲಿಗೆ ಬಿಚ್ಚಿ ಆ ಬಟ್ಟೆಯನ್ನು ಹೊರಗೆ ತಂದರೆ ಆಯಿತು, ಕೋಟು ಅವನ ಜೊತೆಗೇ ಬೆಳೆಯುತ್ತಿತ್ತು. ಅಪ್ಪ ತೊಟ್ಟ ಕೋಟನ್ನು ಹೊಟ್ಟೆ ದೊಡ್ಡದಿರುವ ಮಗ ತೊಡುತ್ತಿದ್ದ. ಆ ಹೆಚ್ಚಿನ ಬಟ್ಟೆಯ ಬೆಲೆ ಕೋಟಿನ ಬೆಲೆಯಲ್ಲೇ ಸೇರಿರುತ್ತಿತ್ತು, ಗಿರಾಕಿಗಳೂ ಅದು ಒಳಗೆ ಇದೆ ಎಂದು ನಂಬಿ ಕೊಡುತ್ತಿದ್ದರು. ಅಸ್ತರಿನ ಹಿಂದೆ ಇಣುಕಿ ನೋಡಿದವರು ಯಾರೂ ಇರಲಿಲ್ಲ.

ನೋಡುವವರು ಮನೆಯೊಳಗೇ ಇದ್ದರು. ಆ ಮನೆತನದಲ್ಲಿ ಮಕ್ಕಳಿಗೆ ಮೊದಲು ಹೊಲಿಯುವುದನ್ನು ಕಲಿಸುತ್ತಿರಲಿಲ್ಲ, ಬಿಚ್ಚುವುದನ್ನು ಕಲಿಸುತ್ತಿದ್ದರು. ಕಲಿಯುವವರು ಗಿಡ್ಡ ಮಣೆಯ ಮೇಲೆ ಕೂತು ಹಿರಿಯರು ಹೊಲಿದ ಹಳೆಯ ಕೋಟುಗಳ ದಾರ ಕೀಳಬೇಕು, ಒಳಗೆ ಏನಿದೆ ಎಂದು ನೋಡಬೇಕು, ಮತ್ತೆ ಇದ್ದ ಹಾಗೇ ಹೊಲಿದಿಡಬೇಕು. ಕೊನೆಗೆ ಒಂದು ದಿನ, ಹೆತ್ತ ಅಪ್ಪ ಹೊಲಿದ, ಯಾರೋ ಗಿರಾಕಿ ವರ್ಷಗಟ್ಟಲೆ ತೊಟ್ಟ ಕೋಟನ್ನು ಅಜ್ಜನ ಎದುರಿಗೆ, ಹಳೆಯ ಗಿರಾಕಿಯೊಬ್ಬನ ಎದುರಿಗೆ ಬಿಚ್ಚಿ, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಅದಾದ ಮೇಲೆಯೇ ಕತ್ತರಿ ಕೈಗೆ. ಮನೆಯಲ್ಲಿ ಅದನ್ನು ಬಿಚ್ಚೋ ದಿನ ಅನ್ನುತ್ತಿದ್ದರು. ಹೊರಗಿನದು ಗಿರಾಕಿಗೆ, ಒಳಗಿನದು ಮಕ್ಕಳಿಗೆ ಎಂಬುದು ದೊಡ್ಡ ಮಾಸ್ಟರರ ಮಾತು. ಮಗ ನಾಳೆ ಬಿಚ್ಚುತ್ತಾನೆ ಎಂಬ ಭಯಕ್ಕೇ ಅಪ್ಪನಾದವನು ಇವತ್ತು ನೆಟ್ಟಗೆ ಹೊಲಿಯುತ್ತಿದ್ದ.

ಚಿಕ್ಕ ಮಾಸ್ಟರನೂ ಹಾಗೆ ಒಂದು ದಿನ ಅಪ್ಪನ ಕೋಟು ಬಿಚ್ಚಿದವನೇ. ಅವನಿಗೆ ಆಗ ಮೀಸೆ ಚಿಗುರುವ ವಯಸ್ಸು. ಹೊಲಿಗೆ ಬಿಡಿಸಿದಾಗ ಎರಡು ಬೆರಳು ಬಟ್ಟೆ ಮೆಲ್ಲಗೆ ತೆರೆದುಕೊಂಡಿತ್ತು, ಎದೆ ಉಬ್ಬಿಸಿಕೊಂಡು ಇದೆ ಎಂದು ಹೇಳಿದ್ದ. ಅಪ್ಪ ಎಂದರೆ ಹೀಗಿರಬೇಕು ಎಂದು ಆ ಹೊತ್ತಿಗೆ ಅವನಿಗೆ ಅನ್ನಿಸಿತ್ತು. ಅಂಥವನೇ ದಾರಿ ತಪ್ಪಿದ.

ತಪ್ಪಿದ್ದು ಒಂದೇ ಸಲಕ್ಕಲ್ಲ. ಬೀದಿಯ ತುದಿಯಲ್ಲಿ ಸಿದ್ಧ ಉಡುಪಿನ ಅಂಗಡಿ ಬಂತು. ಅದಕ್ಕೆ ಗಾಜಿನ ಬಾಗಿಲು, ಒಳಗೆ ತಣ್ಣಗಿನ ಗಾಳಿ, ಬಾಗಿಲಲ್ಲಿ ತಲೆಯಿಲ್ಲದ ಗೊಂಬೆಗಳು. ಗಿರಾಕಿಗಳು ಕಡಿಮೆಯಾದರು. ಒಂದು ದಿನ ಕತ್ತರಿಸುವ ಹಲಗೆಯ ಮುಂದೆ ನಿಂತಾಗ ಚಿಕ್ಕ ಮಾಸ್ಟರನಿಗೆ ಹೊಳೆಯಿತು: ಈ ಕಾಲದಲ್ಲಿ ಕೋಟು ಬಿಚ್ಚಿಸಿ ದೊಡ್ಡದು ಮಾಡಿಸುವವರು ಯಾರಿದ್ದಾರೆ, ದಪ್ಪಗಾದರೆ ಹೊಸದು ಕೊಳ್ಳುತ್ತಾರೆ. ಆ ದಿನ ಎರಡು ಬೆರಳಿನ ಬದಲು ಒಂದು ಬೆರಳು ಬಿಟ್ಟ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಅರ್ಧ ಬೆರಳು. ಆಮೇಲೆ ದಾರ ಹಿಡಿದು ನಿಲ್ಲುವಷ್ಟು ಮಾತ್ರ. ಕೋಟಿನ ಬೆಲೆಯನ್ನು ಮಾತ್ರ ದಾರದಷ್ಟೂ ಇಳಿಸಲಿಲ್ಲ. ಕತ್ತರಿ ಹಾಕುವುದು ಮನೆಯವನೊಬ್ಬನೇ, ಅದೂ ಪರದೆಯ ಹಿಂದೆ. ಹೊಲಿಯುವವರು ಕೊಟ್ಟದ್ದನ್ನು ತಮ್ಮ ಮನೆಗೆ ಒಯ್ದು ಹೊಲಿದು ತರುವವರು. ಉಳಿದ ಬಟ್ಟೆ ಸೇರಿ ಸೇರಿ ಇವನ ಅಂಗಡಿಗೂ ಗಾಜಿನ ಬಾಗಿಲು ಬಂತು, ತಲೆಯಿಲ್ಲದ ಗೊಂಬೆಯೂ ಬಂತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು, ಅಷ್ಟೇ.

ಬಿಚ್ಚೋ ದಿನದ ನೆನಪು ಅವನಿಗೆ ಬರಲಿಲ್ಲವೇ ಅಂದರೆ, ಬಂದಿತ್ತು. ಆದರೆ ಅವನಿಗಿದ್ದದ್ದು ಒಬ್ಬಳೇ ಮಗಳು. ಅವಳು ಲೆಕ್ಕಪತ್ರ ಓದಿ ಯಾವುದಾದರೂ ಆಫೀಸಿನಲ್ಲಿ ಕೂರುವವಳು, ಕತ್ತರಿಗೂ ಅವಳಿಗೂ ಏನು ಸಂಬಂಧ, ಈ ಬಿಚ್ಚುವ ಪದ್ಧತಿ ನನಗೇ ಮುಗಿಯಿತು ಎಂದುಕೊಂಡಿದ್ದ. ಮುಂದೆ ನೋಡುವವರು ಯಾರೂ ಇಲ್ಲ ಎಂದಾದರೆ ಮನುಷ್ಯ ಎಷ್ಟು ಬೇಗ ಹಗುರಾಗುತ್ತಾನೆ.

ಆ ಹಗುರ ಮೊದಲು ಭಾರವಾದದ್ದು ಎದುರಿನ ಅಂಗಡಿಯ ಗಡಿಯಾರದವರಿಂದ. ಅವರು ಗಡಿಯಾರ ರಿಪೇರಿ ಮಾಡುವವರು, ಅಪ್ಪನ ಕಾಲದಿಂದ ಇವರ ಗಿರಾಕಿ, ಬೀದಿಗೆಲ್ಲ ಬೇಕಾದ ಮನುಷ್ಯ. ಅವರಿಗಿದ್ದದ್ದು ಒಂದೇ ಒಳ್ಳೆಯ ಕೋಟು, ಚಿಕ್ಕ ಮಾಸ್ಟರ್ ಹೊಲಿದದ್ದು, ನೀಲಿಯದು. ಅದೇ ಥಾನಿನ ಬಟ್ಟೆಯಲ್ಲಿ ಅವನು ಅಪ್ಪನಿಗೂ ಒಂದು ಹೊಲಿದಿದ್ದ. ಕಾಯಿಲೆ ಬಿದ್ದು, ಔಷಧಿಯಿಂದ ಮೈ ಊದಿಕೊಂಡು, ಮಗಳ ಮದುವೆ ಹತ್ತಿರ ಬಂದಾಗ ಅವರು ಕೋಟು ಹಿಡಿದು ಬಂದರು. ಗುಂಡಿ ಹಾಕೋಕೆ ಆಗ್ತಿಲ್ಲ, ನಿಮ್ಮದೇ ಕೋಟಲ್ವಾ, ಒಳಗಿನ ಬಟ್ಟೆ ಸ್ವಲ್ಪ ಬಿಟ್ಟುಕೊಡಿ, ನಮ್ಮಪ್ಪನಿಗೆ ನಿಮ್ಮಪ್ಪ ಮಾಡಿಕೊಟ್ಟ ಹಾಗೆ ಎಂದು ನಗುನಗುತ್ತ ಹೇಳಿದರು. ದೊಡ್ಡ ಮಾಸ್ಟರ್ ಆ ದಿನ ಜ್ವರ ಬಂದು ಮನೆಯಲ್ಲಿದ್ದರು. ಚಿಕ್ಕ ಮಾಸ್ಟರ್ ಕೋಟನ್ನು ಬೆಳಕಿಗೆ ಹಿಡಿದು, ಬಹಳ ತಿಳಿದವನ ಹಾಗೆ ಹುಬ್ಬು ಗಂಟಿಕ್ಕಿ, ಬಟ್ಟೆ ಸವೆದುಹೋಗಿದೆ, ಬಿಚ್ಚಿದರೆ ಹರಿದುಬಿಡುತ್ತದೆ ಎಂದ.

ಪಾಪ, ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಯಾರಾದರೂ ಕೋಟು ಬಿಗಿಯಾಯಿತಲ್ಲ ಎಂದು ಆಡಿಕೊಂಡರೆ ನಾನೇ ಸರಿಯಾಗಿ ಇಟ್ಟುಕೊಳ್ಳಲಿಲ್ಲ, ಚಿಕ್ಕ ಮಾಸ್ಟರ್ ಏನು ಮಾಡ್ತಾರೆ ಎಂದು ಇವನ ಪರವಾಗಿಯೇ ಮಾತಾಡಿದರು. ಮದುವೆಯ ಫೋಟೋ ಈಗಲೂ ಅವರ ಅಂಗಡಿಯ ಗೋಡೆಯ ಮೇಲಿದೆ. ಗುಂಡಿ ಬಿಚ್ಚಿದ ಕೋಟಿನ ಎರಡು ಅಂಚನ್ನೂ ಒಂದು ಕೈಯಲ್ಲಿ ಹೊಟ್ಟೆಯ ಮೇಲೆ ಹಿಡಿದುಕೊಂಡು, ಮಗಳ ಪಕ್ಕ ನಿಂತು, ಅವರು ನಗುತ್ತಿದ್ದಾರೆ. ಚಿಕ್ಕ ಮಾಸ್ಟರ್ ಆಮೇಲೆ ತನ್ನ ಕೈಗಡಿಯಾರ ನಿಂತುಹೋದರೂ ಆ ಅಂಗಡಿಗೆ ಹೋಗುವುದನ್ನು ಬಿಟ್ಟ. ಬೀದಿ ದಾಟುವಾಗ ಅವರು ಕೈ ಎತ್ತಿದರೆ ಇವನು ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಇವನ ಮಾನ ಎರಡು ಬೆರಳು ಬಟ್ಟೆಗೆ ಹೋಗಿತ್ತು, ಹೋದದ್ದು ಗೊತ್ತಿದ್ದವನು ಅವನೊಬ್ಬನೇ.

ಅಷ್ಟರಲ್ಲಿ ಮಗಳು ಲೆಕ್ಕಪತ್ರ ಓದಿ ಮುಗಿಸಿ, ಆಫೀಸಿಗೆ ಹೋಗುವುದಿಲ್ಲ, ಅಂಗಡಿಗೆ ಬರುತ್ತೇನೆ ಎಂದು ಕೂತಳು. ಮುದುಕರ ಖುಷಿ ಹೇಳತೀರದು. ಗಿಡ್ಡ ಮಣೆಯನ್ನು ಅಟ್ಟದಿಂದ ಇಳಿಸಿ ತಾವೇ ಒರೆಸಿಕೊಟ್ಟರು. ಹುಡುಗಿ ಮಾತು ಕಡಿಮೆ, ಕೈ ಚುರುಕು. ಮುತ್ತಜ್ಜನ ಕೋಟು, ಅಜ್ಜನ ಕೋಟು ಒಂದೊಂದಾಗಿ ಬಿಚ್ಚಿ ನೋಡಿ ಮತ್ತೆ ಹೊಲಿದಿಟ್ಟಳು. ಹೊಲಿಗೆ ನೋಡಿಯೇ ಅಜ್ಜನಿಗೆ ಆ ವಾರ ಕೈ ನೋಯುತ್ತಿತ್ತೋ ಇಲ್ಲವೋ ಹೇಳುವಷ್ಟು ಪಳಗಿದಳು. ಚಿಕ್ಕ ಮಾಸ್ಟರ್ ನೋಡಿ ಮೆಚ್ಚುತ್ತಿದ್ದ, ಒಳಗೊಳಗೇ ಬೆವರುತ್ತಿದ್ದ. ಅಪ್ಪಾ ಇದು ಹೀಗ್ಯಾಕೆ ಎಂದು ಅವಳು ಬಾಯಿ ತೆರೆದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಇವನ ಕೈ ತಾನಾಗಿ ಕತ್ತರಿಯ ಮೇಲೆ ಹೋಗುತ್ತಿತ್ತು. ಲೋಕದ ಯಾರ ಎದುರಿಗೆ ಬೇಕಾದರೂ ಸಣ್ಣವನಾಗಬಹುದಿತ್ತು, ಆ ಮಗಳ ಎದುರಿಗೆ ಆಗುವುದು ಮಾತ್ರ ಅವನಿಂದ ಸಾಧ್ಯವಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡ ಮಾಸ್ಟರ್ ಇನ್ನು ತಡ ಬೇಡ, ಈ ಚಳಿಗಾಲ ಮುಗಿಯುವುದರೊಳಗೆ ಇವಳ ಬಿಚ್ಚೋ ದಿನ ಆಗಿಬಿಡಲಿ ಎಂದರು. ಯಾರ ಕೋಟು ಎಂದು ಯೋಚಿಸುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಎದುರಿಗೇ ಗಡಿಯಾರದವನ ಕೋಟಿದೆ, ಅದನ್ನೇ ಕೇಳು ಎಂದರು.

ಚಿಕ್ಕ ಮಾಸ್ಟರ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ಬೇಡಪ್ಪ, ಅವರಿಗೆ ಇರುವುದು ಅದೊಂದೇ, ಈ ಚಳಿಯಲ್ಲಿ ಕಿತ್ತುಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದ. ಮುದುಕರು ತಲೆದೂಗಿ, ನಿನ್ನ ಒಳ್ಳೆಯತನ ದೊಡ್ಡದು, ನನಗೆ ಹೊಳೆಯಲೇ ಇಲ್ಲ ನೋಡು ಎಂದು ಹೊಗಳಿದರು. ಆ ಹೊಗಳಿಕೆ ಅವನಿಗೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಹಾಗಾದರೆ ಯಾರದು ಎಂದು ಅವರು ಬಿಡದೆ ಕೇಳಿದಾಗ, ಬಾಯಿಗೆ ಬಂದ ಹಾಗೆ, ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಒಬ್ಬರು ಇದ್ದರು, ತೀರಿಕೊಂಡರಂತೆ, ಅವರ ಮನೆಯವರನ್ನು ಕೇಳಿ ತರುತ್ತೇನೆ ಎಂದ. ಗಂಟೆ ಹೊಡೆಯುವವನು ಹೇಗೆ ಸತ್ತ, ಮಕ್ಕಳೆಷ್ಟು, ಆಳು ಎತ್ತರವೋ ಗಿಡ್ಡವೋ ಎಂದು ಮುದುಕರು ಒಂದೊಂದೇ ವಿಚಾರಿಸಿದರು. ಹುಟ್ಟಿಯೇ ಇರದ ಮನುಷ್ಯನನ್ನು ಮಗ ಅಲ್ಲಿ ನಿಂತ ನಿಲುವಿಗೆ ಸಾಕಿ, ಮದುವೆ ಮಾಡಿ, ಕೆಮ್ಮು ಹಿಡಿಸಿ ಸಾಯಿಸಿದ. ಪಾಪ, ಒಳ್ಳೆ ಮನುಷ್ಯ ಇದ್ದಿರಬೇಕು ಎಂದು ಮುದುಕರು ನಿಟ್ಟುಸಿರು ಬಿಟ್ಟರು.

ಹೆಣ ಸಿದ್ಧವಾಯಿತು, ಇನ್ನು ಅದರ ಕೋಟು ಆಗಬೇಕಿತ್ತು. ಎರಡು ಬೆರಳು ಬಟ್ಟೆ ಬಿಟ್ಟು ಹೊಸ ಕೋಟು ಹೊಲಿದು ಅದನ್ನು ಹಳೆಯದು ಮಾಡುವುದು, ಇದು ಅವನ ಉಪಾಯ. ನೀಲಿ ಬಟ್ಟೆಯನ್ನು ತಂದು ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ನೆನೆಸಿದ. ಮಗಳು ಅಂಗಡಿಯಲ್ಲಿರುವ ಹೊತ್ತಿನಲ್ಲಿ ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದ. ತಿರುಗಿಸಿ ಹರಡಿದ, ಮತ್ತೆ ನೆನೆಸಿದ, ಮತ್ತೆ ಒಣಗಿಸಿದ. ಹೆಂಡತಿ ಬಟ್ಟೆ ಒಣಹಾಕಲು ಬಂದವಳು ನೋಡಿ, ಒಳ್ಳೆ ಬಟ್ಟೆಗೆ ಯಾಕೆ ಈ ಗತಿ ಎಂದಳು. ಗಿರಾಕಿಗೆ ಹೀಗೇ ಬೇಕಂತೆ ಎಂದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ನಿಮ್ಮ ಗಿರಾಕಿ ನಿಮ್ಮ ಹಣೆಬರಹ ಎಂದು ಬಕೆಟ್ ಎತ್ತಿಕೊಂಡು ಹೋದಳು.

ಬಟ್ಟೆಯ ಬಣ್ಣ ಚೆನ್ನಾಗಿ ಮಾಸಿದ ಮೇಲೆ ಕತ್ತರಿಸಿ, ತಾನೇ ಹೊಲಿದ. ಎಷ್ಟೋ ವರ್ಷದ ಮೇಲೆ ಎರಡು ಬೆರಳು ಅಳೆದು ಗೆರೆ ಎಳೆದ. ಆಮೇಲೆ ಮೊಣಕೈಯ ಜಾಗವನ್ನು ಒರಟು ಕಲ್ಲಿನಿಂದ ಉಜ್ಜಿದ. ಜೇಬಿಗೆ ಮರಳು ತುಂಬಿ ಜೋಲುಬೀಳಿಸಿದ. ಹಳೆಯ ಗುಂಡಿ ಹುಡುಕಿ ಹಾಕಿದ, ಅದರಲ್ಲೂ ಒಂದನ್ನು ಬೇಕೆಂದೇ ಬೇರೆ ಬಣ್ಣದ್ದು. ತಾನೇ ತೊಟ್ಟುಕೊಂಡು ಮಾಳಿಗೆಯನ್ನು ಗುಡಿಸಿದ, ಬೆವರು ಹಿಡಿಯಲಿ ಎಂದು. ಇಷ್ಟು ಶ್ರದ್ಧೆಯಿಂದ ಅವನು ಒಂದು ಕೋಟು ಹೊಲಿದು ಬಹಳ ಕಾಲವಾಗಿತ್ತು. ಕೆಲಸ ಮುಗಿದ ಮೇಲೆ ಕೋಟನ್ನು ಮೊಳೆಗೆ ನೇತುಹಾಕಿ ದೂರ ನಿಂತು ನೋಡಿದರೆ, ಗಂಟೆ ಹೊಡೆಯುವವನು ನಿಜವಾಗಿಯೂ ಬದುಕಿ ಸತ್ತಿದ್ದ ಎಂದು ಅವನಿಗೇ ಅನ್ನಿಸಿತು.

ಬಿಚ್ಚೋ ದಿನ ಬಂತು. ಬೆಳಿಗ್ಗೆ ಅಂಗಡಿಯ ಮಧ್ಯದಲ್ಲಿ ಮಣೆ ಹಾಕಿದರು. ದೊಡ್ಡ ಮಾಸ್ಟರ್ ತಮ್ಮ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆಸಿಕೊಂಡರು. ಎದುರಿಗೆ ಸಾಕ್ಷಿಯಾಗಿ ಕೂರಲು ಅವರು ಕರೆಸಿದ ಹಳೆಯ ಗಿರಾಕಿ ಯಾರು ಅಂದುಕೊಂಡಿರಿ, ಗಡಿಯಾರದವರೇ. ಅವರು ಈ ಶುಭ ಕೆಲಸಕ್ಕೆಂದು ಇದ್ದ ಒಂದೇ ಒಳ್ಳೆಯ ಕೋಟನ್ನು ತೊಟ್ಟು, ಗುಂಡಿ ಹಾಕಲಾಗದೆ ಹಾಗೇ ಬಿಟ್ಟುಕೊಂಡು, ಕೈಯಲ್ಲಿ ಹೂವು ಹಿಡಿದು ಬಂದಿದ್ದರು. ಚಿಕ್ಕ ಮಾಸ್ಟರ್ ಗೋಡೆಗೆ ಒರಗಿ ನಿಂತ.

ಹುಡುಗಿ ಕೂತು ಅಸ್ತರು ಬಿಡಿಸಿದಳು. ಆಮೇಲೆ ಪಕ್ಕದ ಹೊಲಿಗೆಯ ದಾರವನ್ನು ಸೂಜಿಯ ಮೊನೆಯಿಂದ ಮೀಟಿ ಮೀಟಿ ಕಿತ್ತಳು. ಹೊಲಿಗೆ ಬಾಯಿ ತೆರೆಯಿತು, ಮಡಿಸಿದ ಬಟ್ಟೆ ಹೊರಗೆ ಬಂತು. ಅವಳು ಅಳೆದು ನೋಡಿ, ಎರಡು ಬೆರಳು ಇದೆ ಅಜ್ಜ ಎಂದಳು. ಮುದುಕರು ಕೈ ಚಾಚಿ ತಮ್ಮ ಬೆರಳನ್ನು ಅದರ ಮೇಲೆ ಇಟ್ಟು ನೋಡಿಕೊಂಡರು. ತೋಳಿನಲ್ಲಿ ನೋಡಿದರು, ಬೆನ್ನಿನಲ್ಲಿ ನೋಡಿದರು. ಎಲ್ಲ ಕಡೆಯೂ ಇತ್ತು. ಅವರ ಮುಖ ಅರಳಿತು. ನನ್ನ ಕೈಯಲ್ಲೂ ಇಷ್ಟು ಸಮ ಬಂದಿರಲಿಲ್ಲ, ಮಗ ನನಗಿಂತ ಒಂದು ಕೈ ಮೇಲೆ ಎಂದು ಗಡಿಯಾರದವರಿಗೆ ಹೇಳಿದರು. ಗಡಿಯಾರದವರು ಅದರಲ್ಲೇನು ಅನುಮಾನ ಎಂದರು. ಚಿಕ್ಕ ಮಾಸ್ಟರನಿಗೆ ಉಸಿರು ಬಂತು.

ಆಗ ಮುದುಕರು ಕೊನೆಯ ಪ್ರಶ್ನೆ ಕೇಳಿದರು.

"ಒಳಗಿನ ಬಣ್ಣ ಹೇಗಿದೆ ಮಗಳೇ?"

ಅಯ್ಯೋ, ಅದೊಂದು ಇತ್ತಲ್ಲ. ಎಷ್ಟೇ ಹಳೆಯ ಕೋಟಾದರೂ ಹೊಲಿಗೆಯೊಳಗೆ ಮಡಿಸಿಟ್ಟ ಬಟ್ಟೆ ಬಿಸಿಲು ಕಂಡಿರುವುದಿಲ್ಲ. ಹೊರಗೆ ಬಣ್ಣ ಹೋಗಿ ಬೂದಿಯಾಗಿದ್ದರೂ ಒಳಗೆ ಮೊದಲ ದಿನದ ಕಡುನೀಲಿ ಹಾಗೇ ಇರುತ್ತದೆ. ಕೋಟು ಹೊಸದಿದ್ದಾಗ ಹೇಗಿತ್ತು ಎಂದು ತಿಳಿಯಲು ಇರುವುದು ಅದೊಂದೇ ಗುರುತು. ತನ್ನ ಬಿಚ್ಚೋ ದಿನದಲ್ಲಿ ಅವನೂ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದ. ಆದರೆ ಈ ಕೋಟಿನ ಬಟ್ಟೆಯನ್ನು ಅವನು ಹೊಲಿಯುವ ಮೊದಲೇ ಬಿಸಿಲಿಗೆ ಹಾಕಿ ಬಣ್ಣ ತೆಗೆದಿದ್ದ. ಬೇರೆ ಕಳ್ಳನಾಗಿದ್ದರೆ ಕೋಟು ಹೊಲಿದ ಮೇಲೆ ಬಿಸಿಲಿಗೆ ಹಾಕುತ್ತಿದ್ದ. ಹೊಸ ಬಟ್ಟೆಗೆ ಹಾಗೇ ಕತ್ತರಿ ಇಡಬೇಡ, ನೀರಿನಲ್ಲಿ ನೆನೆಸಿ ಬಿಸಿಲಲ್ಲಿ ಒಣಗಿಸಿಯೇ ಕತ್ತರಿಸು ಎಂದು ಚಿಕ್ಕಂದಿನಿಂದ ಕಲಿತ ದರ್ಜಿಯ ಕೈ, ಮೋಸ ಮಾಡುವಾಗಲೂ ಆ ಪಾಠವನ್ನು ಮೀರಲಿಲ್ಲ. ಒಳಗೂ ಹೊರಗೂ ಒಂದೇ ಬೂದಿ ಬಣ್ಣ. ಅಂಗಡಿಯ ಬೆಳಕಿನಲ್ಲಿ ಕಣ್ಣಿದ್ದವರಿಗೆಲ್ಲ ಕಾಣುವಂತಿತ್ತು. ಗಡಿಯಾರದವರಿಗೆ ಅದರ ಅರ್ಥ ಗೊತ್ತಿರಲಿಲ್ಲ, ಮುದುಕರಿಗೆ ಕಣ್ಣಿರಲಿಲ್ಲ.

ಮಗಳು ಆ ಪಟ್ಟಿಯನ್ನು ಬೆಳಕಿಗೆ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಅಂಚಿಗೆ ಮೂಗು ತಾಗಿಸಿ ಮೂಸಿದಳು, ಸೋಡಾ ವಾಸನೆ ಇತ್ತೋ ಏನೋ. ಆಮೇಲೆ ತಲೆ ಎತ್ತಿ ಅಪ್ಪನನ್ನು ನೋಡಿದಳು.

ಅವನಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಆ ನೋಟದಲ್ಲಿ ಕೋಪವಿರಲಿಲ್ಲ. ಇದೇನಪ್ಪಾ ಎಂದು ಕೇಳುವ ಬರೀ ಒಂದು ಗೊಂದಲ ಇತ್ತು, ಆಮೇಲೆ ನಿಧಾನಕ್ಕೆ ಅವಳಿಗೆ ಎಲ್ಲ ಗೊತ್ತಾಗುತ್ತಾ ಹೋಯಿತು. ಆ ಹೊತ್ತಿನಲ್ಲಿ ಅವನು ಕಣ್ಣು ಕೆಳಗಿಳಿಸಬಹುದಿತ್ತು. ಇಳಿಸಲಿಲ್ಲ. ಮಗಳ ಮುಖವನ್ನೇ ನೋಡುತ್ತ ನಿಂತ.

ಅವಳು ಅಜ್ಜನ ಕಡೆ ತಿರುಗಿದಳು. "ಹೊಸದರ ಹಾಗೇ ಇದೆ ಅಜ್ಜ. ಕಡುನೀಲಿ."

ದನಿ ಸ್ವಲ್ಪವೂ ತಡವರಿಸಲಿಲ್ಲ. ಅಷ್ಟು ಸಲೀಸಾಗಿ ಸುಳ್ಳು ಹೇಳಲು ಅವಳಿಗೆ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ.

ಮುದುಕರು ಎರಡು ಕೈಯನ್ನೂ ಮೊಣಕಾಲ ಮೇಲೆ ತಟ್ಟಿ, ಆಯಿತು, ಇನ್ನೇನು ನೋಡುವುದು, ಕತ್ತರಿ ಕೊಡು ಅವಳಿಗೆ ಎಂದು ಮಗನಿಗೆ ಹೇಳಿದರು. ಚಿಕ್ಕ ಮಾಸ್ಟರ್ ಹಲಗೆಯ ಮೇಲಿನ ದೊಡ್ಡ ಕತ್ತರಿಯನ್ನು ತೆಗೆದುಕೊಂಡ. ಮುತ್ತಜ್ಜನ ಹೆಬ್ಬೆರಳಿಗೆ ಸವೆದು ಹಿಡಿ ಒಂದು ಕಡೆ ತಗ್ಗಾಗಿತ್ತು, ಅವನ ಹೆಬ್ಬೆರಳೂ ಅಲ್ಲೇ ಕೂರುತ್ತಿತ್ತು. ಮಗಳು ಎದ್ದು ನಿಂತು ಕೈ ಚಾಚಿದಳು. ಅವನ ಕಡೆ ನೋಡಲಿಲ್ಲ. ಗಡಿಯಾರದವರು ತಾವು ತಂದ ಹೂವನ್ನು ಮಣೆಯ ಮೇಲಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಹರಸಿದರು.

"ನಿಮ್ಮಪ್ಪನ ಹಾಗೆ ಆಗಮ್ಮ. ಅಷ್ಟಾದ್ರೆ ಸಾಕು."

ಹುಡುಗಿಯ ಚಾಚಿದ ಕೈ ಹಾಗೇ ಇತ್ತು. ಕತ್ತರಿ ಅವನ ಕೈ ಬಿಡಲೊಲ್ಲದು. ಇದನ್ನು ಈಗ ಕೊಟ್ಟರೆ ಇದರ ಜೊತೆಗೆ ಏನೇನು ಕೊಟ್ಟ ಹಾಗಾಗುತ್ತದೆ ಎಂಬುದು ಅವನಿಗೆ ತಿಳಿಯಿತು.

"ಅಪ್ಪ," ಎಂದ. "ಈ ಕೋಟು ಹಳೇದಲ್ಲ. ನಾನೇ ಈಗ ಹೊಲಿದಿದ್ದು. ಗಂಟೆ ಹೊಡೆಯೋನು ಅಂತ ಯಾರೂ ಇಲ್ಲ."

ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ಬಟ್ಟೆ ಬಿಡುವುದನ್ನು ನಿಲ್ಲಿಸಿದ್ದು, ಗಾಜಿನ ಬಾಗಿಲು ಎಲ್ಲಿಂದ ಬಂತು ಎನ್ನುವುದು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದ. ಆಮೇಲೆ ಗಡಿಯಾರದವರ ಕಡೆ ತಿರುಗಿದ, ಅವರ ಮುಖದವರೆಗೆ ಕಣ್ಣು ಏಳಲಿಲ್ಲ. ನಿಮ್ಮ ಕೋಟಿನ ಬಟ್ಟೆ ಸವೆದಿರಲಿಲ್ಲ, ಒಳಗೆ ನಾನು ಬಿಟ್ಟೇ ಇರಲಿಲ್ಲ ಎಂದ.

ಗಡಿಯಾರದವರು ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವರು ತಾವೇ ಎನ್ನುವ ಹಾಗೆ ಕೆಂಪಗಾಗಿ, ಇರಲಿ ಬಿಡಿ, ಮದುವೆ ಮುಗೀತಲ್ಲ, ಈಗ್ಯಾಕೆ ಆ ಮಾತು ಎಂದು ತೊದಲಿದರು. ಅವರ ಕೈ ಮೆಲ್ಲಗೆ ಕೋಟಿನ ಎರಡು ಅಂಚನ್ನೂ ಹುಡುಕಿ ಹೊಟ್ಟೆಯ ಮೇಲೆ ಒಟ್ಟಿಗೆ ಹಿಡಿದುಕೊಂಡಿತು, ಫೋಟೋದಲ್ಲಿ ಹಿಡಿದ ಹಾಗೇ. ಚಿಕ್ಕ ಮಾಸ್ಟರ್ ಅದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿದ.

ದೊಡ್ಡ ಮಾಸ್ಟರ್ ತಾವು ತೊಟ್ಟಿದ್ದ ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದರು. ಕೋಟು ತೆಗೆದ ಮೇಲೆ ಅವರು ಎಷ್ಟು ಸೊರಗಿದ್ದಾರೆ ಎಂದು ಕಂಡಿತು. ಅಂಗಿಯೊಳಗೆ ಬರೀ ಮೂಳೆ. ಕೋಟನ್ನು ಮೊಮ್ಮಗಳ ಮಡಿಲಿಗೆ ಹಾಕಿ, ಇದನ್ನು ಬಿಚ್ಚು, ಇದೂ ನಿಮ್ಮಪ್ಪ ಹೊಲಿದದ್ದೇ ಎಂದರು.

ಹುಡುಗಿ ಮತ್ತೆ ಕೂತು ಬಿಚ್ಚಿದಳು. ದಾರ ಕಿತ್ತುಬರುವ ಸದ್ದಷ್ಟೇ. ಹೊಲಿಗೆಯೊಳಗಿಂದ ಎರಡು ಬೆರಳು ಬಟ್ಟೆ ಬಂತು. ಎರಡೂವರೆ ಅಂದರೂ ಆದೀತು. ಬಣ್ಣ ಕಡುನೀಲಿ, ಇವತ್ತು ಥಾನಿನಿಂದ ಇಳಿಸಿದ ಹಾಗೆ. ಅವಳು ಕಂಡದ್ದನ್ನು ಹೇಳಿದಳು. ಚಿಕ್ಕ ಮಾಸ್ಟರನಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಅಪ್ಪನಿಗಾದರೂ ಸರಿಯಾಗಿ ಹೊಲಿದಿದ್ದೆನಲ್ಲ ಎಂದುಕೊಂಡ.

ಮುದುಕರು ಆ ಬಟ್ಟೆಯ ಮೇಲೆ ಬೆರಳಾಡಿಸಿದರು. "ಬೆರಳು ಹಾಕಿ ನೋಡೋನಿಗೆ ಮಾತ್ರ ಬಿಟ್ಟಿದ್ದೀಯ," ಎಂದರು.

ಹುಲ್ಲುಕಡ್ಡಿಯೂ ಹೋಯಿತು.

ಮುದುಕರು ಮಗನನ್ನು ಬಿಟ್ಟು ಎದುರಿನವರ ಕಡೆ ತಿರುಗಿದರು. ಗಡಿಯಾರದವರಿಗೆ ಕೋಟು ತೆಗೆದುಕೊಡುವಂತೆ ಹೇಳಿದರು. ಅವರು ಬೇಡ ಬೇಡ ಎಂದರೂ ಬಿಡಲಿಲ್ಲ. ಮೊಮ್ಮಗಳಿಗೆ, ನನ್ನ ಕೋಟಿನ ಒಳಗಿನ ಬಟ್ಟೆಯನ್ನು ಕತ್ತರಿಸಿ ತೆಗೆ, ಅವರ ಕೋಟಿನ ಎರಡು ಪಕ್ಕಕ್ಕೂ ಸೇರಿಸು, ನನಗೆ ಇನ್ನು ದಪ್ಪಗಾಗುವ ಯೋಗವಿಲ್ಲ ಎಂದರು. ಅವಳು ಎರಡು ಕೋಟನ್ನೂ ಅಕ್ಕಪಕ್ಕ ಇಟ್ಟು ನೋಡಿ ಹಿಂಜರಿದಳು. ಥಾನು ಒಂದೇ ಆದರೂ ಅವರ ಕೋಟು ಬಿಸಿಲಿಗೆ ಮಾಸಿತ್ತು.

"ಎರಡು ಕಡೆ ಪಟ್ಟಿ ಹಾಕಿದ ಹಾಗೆ ಕಾಣುತ್ತೆ ಅಜ್ಜ."

"ಕಾಣಲಿ," ಎಂದರು ಮುದುಕರು.

ಅವಳು ಕತ್ತರಿಗಾಗಿ ಅಪ್ಪನ ಹತ್ತಿರ ಬಂದಳು. ಅವನು ಕೊಟ್ಟ. ಹಲಗೆಯ ಮುಂದೆ ಅವನು ನಿಲ್ಲುತ್ತಿದ್ದ ಜಾಗದಲ್ಲಿ ಅವಳು ನಿಂತಳು. ಗಡಿಯಾರದವರ ಕೋಟನ್ನು ಬಿಚ್ಚಬೇಕಿತ್ತು, ಬಿಚ್ಚುವವರು ಬೇಕಿತ್ತು. ಯಾರೂ ಹೇಳಲಿಲ್ಲ, ಚಿಕ್ಕ ಮಾಸ್ಟರ್ ತಾನಾಗಿ ಮೊಣಕಾಲು ಹಿಡಿದುಕೊಂಡು ಗಿಡ್ಡ ಮಣೆಯ ಮೇಲೆ ಕೂತ. ಗಾಜಿನ ಬಾಗಿಲಿನಾಚೆ ಬೀದಿಯವರು ಹೋಗುತ್ತ ಬರುತ್ತ ಒಳಗೆ ನೋಡುತ್ತಿದ್ದರು. ಚೆನ್ನಾಗಿ ಕಾಣಲಿ ಎಂದು ತಾನೇ ಹಾಕಿಸಿದ ಗಾಜು. ಅಸ್ತರು ಬಿಡಿಸಿ ಪಕ್ಕದ ಹೊಲಿಗೆ ತೆರೆದರೆ, ಒಳಗೆ ಅವನು ಬಿಟ್ಟಿದ್ದು ಉಗುರಿನಷ್ಟು ಬಟ್ಟೆ. ಅಷ್ಟು ಕಡಿಮೆ ಬಿಟ್ಟಿದ್ದೆ ಎಂದು ಅವನಿಗೂ ಮರೆತುಹೋಗಿತ್ತು.

ಗಡಿಯಾರದವರು ಚಳಿಗೆ ತೋಳು ಉಜ್ಜಿಕೊಳ್ಳುತ್ತ ತಮ್ಮ ಅಂಗಡಿಗೆ ಹೋದರು. ಮುದುಕರು ಬರೀ ಅಂಗಿಯಲ್ಲಿ ಕುರ್ಚಿಯ ಮೇಲೆ ಕಣ್ಣು ಮುಚ್ಚಿದರು. ಕತ್ತರಿಯ ಸದ್ದು ನಿಂತ ಒಂದು ಗಳಿಗೆ ನೋಡಿಕೊಂಡು, ಅವನು ಬಹಳ ಸಣ್ಣ ದನಿಯಲ್ಲಿ ಮಗಳನ್ನು ಕೇಳಿದ.

"ಸುಳ್ಳು ಯಾಕೆ ಹೇಳಿದೆ ಪುಟ್ಟಿ? ಅಜ್ಜನಿಗೆ?"

ಅವಳು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀನು ಕಣ್ಣಲ್ಲೇ ಬೇಡ್ಕೊಂಡೆಯಲ್ಲಪ್ಪ," ಎಂದಳು. "ನೀನು ನನ್ನ ಹತ್ರ ಏನನ್ನೂ ಯಾವತ್ತೂ ಕೇಳಿರಲಿಲ್ಲ."

ಅವನು ಸೂಜಿಯ ಮೊನೆಯನ್ನು ಮತ್ತೆ ಹೊಲಿಗೆಗೆ ಹಾಕಿದ. ದಾರ ಕಾಣಿಸುತ್ತಿರಲಿಲ್ಲ. ಬೆರಳಿನಿಂದ ತಡವಿ ತಡವಿ ಹುಡುಕಿ, ಒಂದೊಂದಾಗಿ ಕೀಳತೊಡಗಿದ.